ಅಗ್ಗದ ಹೆಡ್ ಟಾರ್ಚಿಗೆ ಸೊಂಟದ ಬ್ಯಾಟರಿ: ರಾತ್ರಿಯಿಡೀ ಉರಿಯೋ ಹಾಗೆ ಮಾಡ್ಕೊಳ್ಳೋದು ಹೇಗೆ

ಹಾರ್ಡ್‌ವೇರ್ ಅಂಗಡೀಲಿ, ಸಂತೇಲಿ ಕಮ್ಮಿ ದುಡ್ಡಿಗೆ ಸಿಗೋ ಹೆಡ್ ಟಾರ್ಚ್ ಇದೆಯಲ್ಲ, ಎರಡು ಪಿನ್ನಿನ ವೈರ್ ಹಾಕಿ ಸೀದಾ ಮನೆ ಕರೆಂಟಿಗೇ ಚಾರ್ಜಿಗೆ ಇಡೋದು, ಅದ್ರ ಬಗ್ಗೆನೇ ಬರೀತಿದೀನಿ. ರಾತ್ರಿ ಪಾಳೀಲಿ ತ್ರೀ ಫೇಸ್ ಬಂದಾಗ ಎದ್ದು ಹೋಗಿ ಮೋಟ್ರು ಹಾಕಿ ನೀರು ಕಟ್ಟೋರು, ಸುಳ್ಯ ಪುತ್ತೂರು ಕಡೆ ಬೆಳಕು ಹರಿಯೋ ಮುಂಚೆ ರಬ್ಬರ್ ಟ್ಯಾಪಿಂಗಿಗೆ ಹೋಗೋರು, ಎಷ್ಟೋ ಜನರ ತಲೆ ಮೇಲೆ ಇರೋದು ಇಂಥದ್ದೇ. ಇದ್ರಲ್ಲಿ ಎಲ್ಇಡಿ ಚೆನ್ನಾಗೇ ಇರುತ್ತೆ, ಬೆಲ್ಟೂ ಪರವಾಗಿಲ್ಲ, ಮೊದಲು ಸಾಯೋದು ಬ್ಯಾಟರಿ. ಅದನ್ನ ತೆಗೆದುಹಾಕಿ, ಲಿಥಿಯಂ ಸೆಲ್ಲಿರೋ ಡಬ್ಬಿ ಸೊಂಟಕ್ಕೆ ಕಟ್ಕೊಂಡು ಅಲ್ಲಿಂದ ಟಾರ್ಚಿಗೆ ವೈರ್ ಎಳೆಯೋದೇ ಇಲ್ಲಿ ಹೇಳೋ ಉಪಾಯ. ಹಾವು ಓಡಾಡೋ ಬದುವಿನ ಮೇಲೆ ನಡೆಯೋವಾಗ ಲೈಟ್ ಡಿಮ್ ಆಗೋದು ಚಿಕ್ಕ ವಿಷಯ ಅಲ್ಲ, ಅದಕ್ಕೇ ಇಷ್ಟು ಉದ್ದಕ್ಕೆ ಹೇಳ್ತಿರೋದು.

ಸ್ಕ್ರೂ ಬಿಚ್ಚಿ ನೋಡಿದ್ರೆ ಸಾಮಾನ್ಯವಾಗಿ ಒಳಗೆ ಚೌಕಾಕಾರದ 4 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಇರುತ್ತೆ. ಅದನ್ನ ಖಾಲಿ ಮಾಡಿ ಹಾಗೇ ನಾಲ್ಕು ದಿನ ಬಿಟ್ರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಹಿಡಿಯಲ್ಲ. ನಮಗೆ ಅನುಕೂಲ ಆಗೋದು ಏನಂದ್ರೆ 18650 ಲಿಥಿಯಂ ಸೆಲ್ಲು (18 ಎಂಎಂ ದಪ್ಪ, 65 ಎಂಎಂ ಉದ್ದದ ದುಂಡನೆ ಸೆಲ್ಲು) ಫುಲ್ ಚಾರ್ಜಲ್ಲಿ 4.2 ವೋಲ್ಟ್, ನಡುವೆ 3.7 ಹತ್ರ ಇರುತ್ತೆ, ಅಂದ್ರೆ ಟಾರ್ಚಿನ ಎಲ್ಇಡಿಗೆ ಹೆಚ್ಚು ಕಮ್ಮಿ ಹಳೇ ಬ್ಯಾಟರಿ ಕೊಡ್ತಿದ್ದ ವೋಲ್ಟೇಜೇ ಸಿಗುತ್ತೆ. ಹಾಗಾಗಿ ಲೈಟಿನ ಕಡೆ ಸಾಮಾನ್ಯವಾಗಿ ಏನೂ ಬದಲಾಯಿಸಬೇಕಾಗಿಲ್ಲ. ಬದಲಾಯಿಸಲೇಬೇಕಾದ್ದು ಚಾರ್ಜಿಂಗ್ ಕಡೆ.

ಇದನ್ನ ದಯವಿಟ್ಟು ಎರಡು ಸಲ ಓದಿ. ಆ ಟಾರ್ಚಿನೊಳಗಿನ ಚಾರ್ಜರಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ದಪ್ಪ ಕೆಪಾಸಿಟರ್, ಒಂದೆರಡು ರೆಸಿಸ್ಟರ್, ಡಯೋಡ್, ಅಷ್ಟೇ. ಪ್ಲಗ್ಗಿಗೆ ಹಾಕಿದಾಗ ಒಳಗಿನ ಪ್ರತಿಯೊಂದು ತಂತಿಗೂ 230 ವೋಲ್ಟ್ ಲೈನಿನ ಸಂಪರ್ಕ ಇರುತ್ತೆ, ಮುಟ್ಟಿದ್ರೆ ಶಾಕ್ ಗ್ಯಾರಂಟಿ. ಅದ್ರ ಜೊತೆಗೆ ಬ್ಯಾಟರಿ ತುಂಬಿದ್ ಮೇಲೆ ನಿಲ್ಲಿಸೋ ವ್ಯವಸ್ಥೆನೂ ಇರಲ್ಲ, ಲೆಡ್ ಆಸಿಡ್ ಅದನ್ನ ಹೇಗೋ ತಡ್ಕೊಳ್ಳುತ್ತೆ ಆದ್ರೆ ಲಿಥಿಯಂ ಸೆಲ್ಲು 4.2 ದಾಟಿ ತುಂಬ್ತಾ ಹೋದ್ರೆ ಬಿಸಿಯಾಗಿ ಬೆಂಕಿ ಹತ್ತಬಹುದು. ಅದಕ್ಕೆ ಮೊದಲ ಕೆಲಸ ಆ ಚಾರ್ಜರ್ ಬೋರ್ಡನ್ನ ಪೂರ್ತಿ ಕತ್ತರಿಸಿ ತೆಗೆಯೋದು, ವೈರ್ ಚುಚ್ಚೋ ಪಿನ್ನುಗಳನ್ನೂ ತೆಗೆದು ತೂತು ಮುಚ್ಚಿಬಿಡಿ, ಇಲ್ಲಾಂದ್ರೆ ಮನೇಲಿ ಬೇರೆ ಯಾರಾದ್ರೂ ಗೊತ್ತಿಲ್ದೆ ಪ್ಲಗ್ಗಿಗೆ ಹಾಕಿಬಿಡ್ತಾರೆ.

ಸಾಮಾನು ಜಾಸ್ತಿ ಏನೂ ಬೇಡ. ಎರಡು ಒಳ್ಳೆ 18650 ಸೆಲ್ಲು, ಎರಡು ಸೆಲ್ಲಿನ ಹೋಲ್ಡರ್, ಪ್ರೊಟೆಕ್ಷನ್ ಇರೋ ಟಿಪಿ4056 ಚಾರ್ಜಿಂಗ್ ಮಾಡ್ಯೂಲು (ಸೆಲ್ಲನ್ನ 4.2 ವೋಲ್ಟಿಗೆ ತುಂಬಿಸಿ ನಿಲ್ಲಿಸೋ, ತೀರಾ ಖಾಲಿಯಾದಾಗ ಕಟ್ ಮಾಡೋ ಚಿಕ್ಕ ಬೋರ್ಡು), ಕೆಂಪು ಕಪ್ಪು ವೈರು, 2 ಆಂಪ್ ಗ್ಲಾಸ್ ಫ್ಯೂಸು ಅದ್ರ ಹೋಲ್ಡರ್ ಸಮೇತ, ಒಂದು ಜೊತೆ ಡಿಸಿ ಪಿನ್ನು ಸಾಕೆಟ್ಟು, ಹೀಟ್ ಶ್ರಿಂಕ್ ಸ್ಲೀವು, ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಎಲ್ಲಾ ಒಂದೇ ಸುತ್ತಿಗೆ ಸಿಗುತ್ತೆ, ಊರಲ್ಲಿರೋರು ಆನ್‌ಲೈನಲ್ಲಿ ತರಿಸ್ಕೋಬಹುದು. ಸೆಲ್ಲಿನ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಬರೆದಿದ್ರೆ ಮುಟ್ಟಲೇಬೇಡಿ, ಆ ಸೈಜಿನ ಒಳ್ಳೆ ಸೆಲ್ಲಲ್ಲಿ ಸಾಮಾನ್ಯವಾಗಿ 2500 ರಿಂದ 3500 ಅಷ್ಟೇ ಇರೋದು. ತೂಕ ಹಾಕಿ ನೋಡಿ, ನಿಜವಾದ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತೆ, ಕೈಗೆ ಹಗುರ ಅನಿಸಿದ್ರೆ ಅದು ಡೂಪು. ಹಳೇ ಲ್ಯಾಪ್‌ಟಾಪಿನ ಸೆಲ್ಲೂ ಆಗುತ್ತೆ ಆದ್ರೆ ಮೀಟರಲ್ಲಿ 2 ವೋಲ್ಟಿಗಿಂತ ಕೆಳಗೆ ತೋರಿಸಿದ್ರೆ ಅದನ್ನ ಬದುಕಿಸೋಕೆ ಹೋಗಬೇಡಿ.

ಎರಡು ಸೆಲ್ಲನ್ನೂ ಪ್ಯಾರಲಲ್ಲಾಗೇ ಜೋಡಿಸ್ಬೇಕು, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಆಗ ವೋಲ್ಟೇಜ್ ಅಷ್ಟೇ ಇದ್ದು ಕೆಪ್ಯಾಸಿಟಿ ಡಬಲ್ ಆಗುತ್ತೆ. ಸೀರೀಸಲ್ಲಿ, ಅಂದ್ರೆ ಒಂದರ ಪ್ಲಸ್ಸನ್ನ ಇನ್ನೊಂದರ ಮೈನಸ್ಸಿಗೆ ಹಾಕಿದ್ರೆ 8.4 ವೋಲ್ಟ್ ಬಂದು ಎಲ್ಇಡಿ ಸುಟ್ಟೇ ಹೋಗುತ್ತೆ. ಅಂಗಡೀಲಿ ಸಿಗೋ ಎರಡು ಸೆಲ್ಲಿನ ಹೋಲ್ಡರ್ ಬಹಳಷ್ಟು ಸೀರೀಸಿಗೇ ಮಾಡಿರೋದು, ನೋಡಿ ತಗೊಳ್ಳಿ. ಎರಡೂ ಒಂದೇ ಕಂಪನಿ ಒಂದೇ ವಯಸ್ಸಿನ ಸೆಲ್ಲಾಗಿರ್ಲಿ, ಜೋಡಿಸೋ ಮುಂಚೆ ಬೇರೆ ಬೇರೆಯಾಗಿ ಫುಲ್ ಚಾರ್ಜ್ ಮಾಡಿ ಮೀಟರಲ್ಲಿ ವೋಲ್ಟೇಜ್ ಸಮ ಇದೆಯಾ ನೋಡ್ಕೊಳ್ಳಿ, ಯಾಕಂದ್ರೆ ಒಂದು ತುಂಬಿ ಇನ್ನೊಂದು ಖಾಲಿ ಇದ್ರೆ ಜೋಡಿಸಿದ ಕ್ಷಣ ತುಂಬಿರೋದ್ರಿಂದ ಖಾಲಿ ಇರೋದಕ್ಕೆ ಕರೆಂಟು ನುಗ್ಗುತ್ತೆ. ಸೆಲ್ಲಿನ ಮೇಲೇ ಸೋಲ್ಡರಿಂಗ್ ಮಾಡಬೇಡಿ, ಬಿಸಿಗೆ ಒಳಗೆ ಹಾಳಾಗುತ್ತೆ. ಹೋಲ್ಡರ್ ಬಳಸಿ ಅಥವಾ ಪಟ್ಟಿ ವೆಲ್ಡ್ ಮಾಡಿರೋ ಸೆಲ್ಲು ತಗೊಳ್ಳಿ.

ಹೋಲ್ಡರಿನ ಕೆಂಪು ವೈರು ಫ್ಯೂಸ್ ದಾಟಿ ಮಾಡ್ಯೂಲಿನ ಬಿ ಪ್ಲಸ್‌ಗೆ, ಕಪ್ಪು ಬಿ ಮೈನಸ್‌ಗೆ. ಟಾರ್ಚಿಗೆ ಹೋಗೋ ವೈರು (ಹಳೇ ಬ್ಯಾಟರಿ ಸೇರಿದ್ದ ಜಾಗಕ್ಕೇ ಸೇರೋದು) ಔಟ್ ಪ್ಲಸ್ ಔಟ್ ಮೈನಸ್‌ನಿಂದ ಬರ್ಬೇಕು, ಬಿ ಇಂದ ತಗೊಂಡ್ರೆ ಪ್ರೊಟೆಕ್ಷನ್ ಕೆಲಸ ಮಾಡಲ್ಲ. ಸೆಲ್ಲನ್ನ ಉಲ್ಟಾ ಹಾಕಿದ್ರೆ ಮಾಡ್ಯೂಲ್ ತಕ್ಷಣ ಸುಡುತ್ತೆ, ಅದಕ್ಕೆ ಸೆಲ್ಲು ಕೂರಿಸೋದು ಎಲ್ಲಾ ಕೆಲಸ ಮುಗಿದ ಮೇಲೆ ಕೊನೇಲಿ.

ವೈರಿನ ದಪ್ಪದಲ್ಲಿ ಕಂಜೂಸ್ ಮಾಡಬೇಡಿ. ಸೊಂಟದಿಂದ ತಲೆಗೆ 1.2 ಮೀಟರ್ ಅಂದ್ರೂ ಹೋಗಿ ಬರೋಕೆ 2.4 ಮೀಟರ್ ಆಯ್ತು. 0.5 ಸ್ಕ್ವೇರ್ ಎಂಎಂ ತಾಮ್ರದ ವೈರಲ್ಲಿ 1 ಆಂಪಿಗೆ ಕಳ್ಕೊಳ್ಳೋದು 0.1 ವೋಲ್ಟಿಗಿಂತ ಕಮ್ಮಿ, ಇಯರ್‌ಫೋನ್ ಥರದ ಸಣ್ಣ ವೈರ್ ಹಾಕಿದ್ರೆ ಅರ್ಧ ವೋಲ್ಟೇ ದಾರೀಲಿ ಹೋಗಿಬಿಡುತ್ತೆ, ಬಿಳಿ ಎಲ್ಇಡಿಗೆ 3 ವೋಲ್ಟ್ ಆದ್ರೂ ಬೇಕಿರೋವಾಗ ಅದು ದೊಡ್ಡ ನಷ್ಟ. ಡಿಸಿ ಪಿನ್ನಿನ ಜೋಡಣೆ ಕತ್ತಿನ ಹಿಂದೆ ಬರೋ ಹಾಗೆ ಇಡಿ. ರೆಂಬೆಗೆ ವೈರ್ ಸಿಕ್ಕಿದ್ರೆ ಅಲ್ಲೇ ಕಳಚ್ಕೊಳ್ಳುತ್ತೆ, ಕತ್ತು ಜಗ್ಗಲ್ಲ. ಬ್ಯಾಟರಿ ಕಡೆಗೆ ಸಾಕೆಟ್ ಹಾಕಿ, ಟಾರ್ಚ್ ಕಡೆಗೆ ಪಿನ್ನು, ಆಗ ಕಳಚಿಕೊಂಡ್ರೂ ಕರೆಂಟ್ ಇರೋ ಲೋಹ ಹೊರಗೆ ಇರಲ್ಲ.

ಮೊದಲ ಸಲ ಹಚ್ಚೋವಾಗ ಮೀಟರನ್ನ 10 ಆಂಪ್ ರೇಂಜಲ್ಲಿ ಇಟ್ಟು ಪ್ಲಸ್ ವೈರಿನ ನಡುವೆ ಸೇರಿಸಿ ಎಷ್ಟು ಎಳೀತಿದೆ ನೋಡಿ. ಲಿಥಿಯಂ ಸೆಲ್ಲು ಸುಸ್ತಾದ ಹಳೇ ಬ್ಯಾಟರಿಗಿಂತ ಜೋರಾಗಿ ಕರೆಂಟ್ ಕೊಡುತ್ತೆ, ಹತ್ತು ನಿಮಿಷದಲ್ಲಿ ಎಲ್ಇಡಿ ಹಿಂಭಾಗ ಮುಟ್ಟೋಕೆ ಆಗದಷ್ಟು ಬಿಸಿಯಾದ್ರೆ 1 ಓಮ್ 2 ವ್ಯಾಟ್ ರೆಸಿಸ್ಟರ್ ಒಂದನ್ನ ಸೀರೀಸಲ್ಲಿ ಹಾಕಿ. 300 ಮಿಲಿಆಂಪ್ ಎಳೆಯೋ ಟಾರ್ಚಾದ್ರೆ ಎರಡು 2500ರ ಸೆಲ್ಲಲ್ಲಿ ಲೆಕ್ಕಕ್ಕೆ 16 ಗಂಟೆ ಬರುತ್ತೆ, ಒಂದು ರಾತ್ರಿಗೆ ಧಾರಾಳ. ಪ್ರೊಟೆಕ್ಷನ್ ಬೋರ್ಡ್ ಸುಮಾರು 2.4 ವೋಲ್ಟಿಗೆ ಕಟ್ ಮಾಡುತ್ತೆ, ಆದ್ರೆ ಅಲ್ಲೀತನಕ ಕಾಯದೆ ಬೆಳಕು ಮಂಕಾದ ಕೂಡ್ಲೇ ಚಾರ್ಜಿಗೆ ಹಾಕಿದ್ರೆ ಸೆಲ್ಲು ವರ್ಷಗಟ್ಲೆ ಬಾಳುತ್ತೆ.

ಪವರ್ ಬ್ಯಾಂಕೇ ಹಾಕಬಹುದಲ್ಲ ಅಂತ ಕೇಳ್ತಾರೆ. ಅದು 5 ವೋಲ್ಟ್ ಕೊಡುತ್ತೆ, ಈ ಟಾರ್ಚಿಗೆ ಜಾಸ್ತಿ ಆಗುತ್ತೆ, ಮತ್ತೆ ಕಮ್ಮಿ ಬೆಳಕಿನ ಮೋಡಲ್ಲಿ ಕರೆಂಟ್ ಸಾಲದೆ ಎಷ್ಟೋ ಪವರ್ ಬ್ಯಾಂಕು ತಾನಾಗೇ ಆಫ್ ಆಗಿಬಿಡುತ್ತೆ. ಕೆಲವು ಸ್ಪ್ರೇಯರಲ್ಲಿ ಬರೋ ದಪ್ಪ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು ಇನ್ನೂ ಸುರಕ್ಷಿತ, ಆದ್ರೆ ಅದು 3.2 ವೋಲ್ಟು, ಬೆಳಕು ಕಮ್ಮಿ ಬರುತ್ತೆ, ಅದಕ್ಕೆ ಟಿಪಿ4056 ಹಾಕೋ ಹಾಗೂ ಇಲ್ಲ, 3.65 ವೋಲ್ಟಿನ ಬೇರೆ ಚಾರ್ಜರ್ ಬೇಕು.

ಮಳೆಗಾಲಕ್ಕೆ ಡಬ್ಬಿಯ ವೈರ್ ತೂತು ಯಾವಾಗ್ಲೂ ಕೆಳಮುಖ ಇರ್ಲಿ, ಸುತ್ತ ಸಿಲಿಕಾನ್ ಹಚ್ಚಿ, ಒಳಗೆ ವೈರಿಗೆ ಒಂದು ಕೇಬಲ್ ಟೈ ಕಟ್ಟಿ ಎಳೆದ್ರೆ ಬೆಸುಗೆಗೆ ಭಾರ ಬೀಳದ ಹಾಗೆ. ಚಾರ್ಜ್ ಮಾಡೋದು ಮೊಬೈಲ್ ಚಾರ್ಜರಲ್ಲೇ, ಎರಡು 2500ರ ಸೆಲ್ಲಿಗೆ 1 ಆಂಪಿನಲ್ಲಿ ಐದಾರು ಗಂಟೆ ಹಿಡಿಯುತ್ತೆ, ಆ ಹೊತ್ತಲ್ಲಿ ಡಬ್ಬಿ ಮುಚ್ಚಳ ತೆಗೆದಿಡಿ ಯಾಕಂದ್ರೆ ಮಾಡ್ಯೂಲ್ ಬಿಸಿಯಾಗುತ್ತೆ, ಲೈಟ್ ಹಚ್ಚಬೇಡಿ, ಹಾಸಿಗೆ ಮೇಲಲ್ಲ, ಸಿಮೆಂಟ್ ನೆಲದ ಮೇಲೆ ಕಣ್ಣಿಗೆ ಕಾಣೋ ಕಡೆ ಇಡಿ. ಬಿಚ್ಚಿ ತೆಗೆದ ಹಳೇ ಲೆಡ್ ಬ್ಯಾಟರಿನ ತೋಟದಲ್ಲಿ ಎಸೀಬೇಡಿ, ಸೀಸ, ಆಸಿಡ್ ಎರಡೂ ಮಣ್ಣಿಗೆ ಸೇರುತ್ತೆ, ಇನ್ವರ್ಟರ್ ಬ್ಯಾಟರಿ ಅಂಗಡಿಗೆ ಕೊಟ್ಟುಬಿಡಿ.