ಪಂಚರ ಲೆಡ್ಜರ್: ಜೂನಿಯರ್ ದಿನಗಳ ನನ್ನ ಅನುಭವ

2011ರಲ್ಲಿ ಸನ್ನದು ಪಡೆದು ತಾಲ್ಲೂಕು ಕೋರ್ಟಿನ ಕ್ರಿಮಿನಲ್ ವಕೀಲರೊಬ್ಬರ ಕಚೇರಿ ಸೇರಿದಾಗ ನನಗೆ ತಿಂಗಳಿಗೆ ಎರಡು ಸಾವಿರ ಸಿಗುತ್ತಿತ್ತು, ಅದೂ ಅವರಿಗೆ ನೆನಪಾದ ತಿಂಗಳು. ವಾಯಿದೆ ಬರೆದುಕೊಳ್ಳುವುದು, ಜಾಮೀನುದಾರರ ಪಹಣಿ ಪರೀಕ್ಷಿಸುವುದು ನನ್ನ ಕೆಲಸ. ಉಳಿದ ಹೊತ್ತು ಹಿಂದಿನ ಬೆಂಚಿನಲ್ಲಿ ಕುಳಿತು ಬೇರೆಯವರ ಅಬಕಾರಿ ಕೇಸುಗಳ ಸಾಕ್ಷ್ಯ ಕೇಳುತ್ತಿದ್ದೆ.

ಕೇಳುತ್ತ ಕೇಳುತ್ತ ಒಂದು ಸಂಗತಿ ಹೊಳೆಯಿತು. ಆರೋಪಿ ಬದಲಾದರೂ, ಜಪ್ತಿಗೆ ಸಾಕ್ಷಿಗಳಾಗಿ ಸಹಿ ಹಾಕುವ ಪಂಚರು ಬದಲಾಗುತ್ತಿರಲಿಲ್ಲ. ಒಂದು ಉದ್ದನೆಯ ಲೆಡ್ಜರ್ ತಂದು ಬರೆಯತೊಡಗಿದೆ: ಪಂಚರ ಹೆಸರು, ಕೇಸಿನ ನಂಬರು, ಸ್ಥಳ, ಮಹಜರು (ಜಪ್ತಿಯ ಸ್ಥಳದಲ್ಲೇ ಬರೆಯುವ ದಾಖಲೆ) ಶುರುವಾದ ಮತ್ತು ಮುಗಿದ ವೇಳೆ. ಬಾರ್ ರೂಮಿನಲ್ಲಿ ನನಗೆ 'ಜನಗಣತಿ ವಕೀಲ' ಎಂದು ಹೆಸರು ಬಿತ್ತು. "ಪಂಚರು ಹೇಗೂ ತಿರುಗಿ ಬೀಳುತ್ತಾರೆ, ಇದೆಲ್ಲ ಏಕೆ?" ಎಂದರು ಸೀನಿಯರ್.

ಆದರೆ ಪಂಚರು ಪ್ರತಿಕೂಲರಾಗಿ, ಜಪ್ತಿ ನೋಡಿಯೇ ಇಲ್ಲ ಎಂದರೂ ದಾಳಿ ಮಾಡಿದ ಅಧಿಕಾರಿಯ ಸಾಕ್ಷ್ಯವೊಂದನ್ನೇ ನಂಬಿ ಶಿಕ್ಷೆ ಕೊಡಬಹುದಲ್ಲ? ನನ್ನ ಮೊದಲ ಸ್ವಂತ ಕೇಸಿನಲ್ಲಿ ಹಾಗೆಯೇ ಆಯಿತು. ಫೀಸು ಸಾವಿರದ ಐನೂರು ಮತ್ತು ಅರ್ಧ ಚೀಲ ಶೇಂಗಾ. ಶೇಂಗಾ ಹಿಂದಿರುಗಿಸುವ ಮನಸ್ಸಾಗಿತ್ತು. ಎರಡನೆಯ ಸೋಲು ಇನ್ನೂ ಹೀನಾಯ. "ನೀವು ಹದಿನಾಲ್ಕು ಕೇಸಿಗೆ ಪಂಚರಲ್ಲವೇ?" ಎಂದು ಗುಡುಗಿದೆ. ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿದ್ದರು. ಮ್ಯಾಜಿಸ್ಟ್ರೇಟರು ನಕ್ಕರು. ಅಂದೇ ರಾತ್ರಿ ಲೆಡ್ಜರಿಗೆ ತಂದೆಯ ಹೆಸರು, ವಯಸ್ಸು, ಕಸುಬು ಎಂಬ ಮೂರು ಕಲಂ ಸೇರಿದವು.

ನಾಲ್ಕು ವರ್ಷದಲ್ಲಿ ದೃಢೀಕೃತ ನಕಲು, ಜೆರಾಕ್ಸ್, ಪೆಟ್ರೋಲ್ ಎಂದು ಹತ್ತು ಹನ್ನೆರಡು ಸಾವಿರ ಹೋಗಿರಬೇಕು. ಆಗ ನನ್ನ ತಿಂಗಳ ಸಂಪಾದನೆ ಐದು ಸಾವಿರ ದಾಟಿರಲಿಲ್ಲ.

ಫಲ ಕೊಟ್ಟದ್ದು 90 ಎಂ.ಎಲ್.ನ 96 ಮದ್ಯದ ಟೆಟ್ರಾ ಪ್ಯಾಕಿನ ಕೇಸು, ಒಟ್ಟು 8 ಲೀಟರ್ 640 ಎಂ.ಎಲ್. ಜಪ್ತಿ ಮಹಜರು ಸಂಜೆ ನಾಲ್ಕೂವರೆಯಿಂದ ಐದೂವರೆ. ಅದೇ ದಿನ ಐದೂಕಾಲಿಗೆ ಮೂವತ್ತೆಂಟು ಕಿಲೋಮೀಟರ್ ಆಚೆಯ ಇನ್ನೊಂದು ಮಹಜರಿನಲ್ಲೂ ಅದೇ ಇಬ್ಬರು ಪಂಚರು, ಅದೇ ಅಧಿಕಾರಿ. ಸೀನಿಯರ್ ಬೈಕಿನಲ್ಲಿ ಆ ದಾರಿಯನ್ನು ನಾನೇ ಅಳೆದು ಬಂದೆ: ಒಂದು ಗಂಟೆ, ಪಂಕ್ಚರ್ ಬೇರೆ. ಪಂಚರನ್ನು ಈ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಧಿಕಾರಿ ಕಟಕಟೆ ಹತ್ತಿ, ಮಹಜರು ಮುಗಿಯುವವರೆಗೂ ತಾವು ಸ್ಥಳ ಬಿಡಲಿಲ್ಲ ಎಂದು ಒಪ್ಪಿದ ಮೇಲೆ ಇನ್ನೊಂದರ ನಕಲು ತೋರಿಸಿದೆ. ಸಹಿ ತಮ್ಮದೇ ಎಂದರು, ಅದು ನಿ.ಡಿ.1, ಅಂದರೆ ಆರೋಪಿಯ ಪರವಾದ ಮೊದಲ ದಾಖಲೆ, ಆಯಿತು. ಅವರು ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಬಿಡುಗಡೆ. ಆ ಒಪ್ಪಿಗೆಯನ್ನು ಯಾವ ನಾಲ್ಕು ಪ್ರಶ್ನೆಗಳಿಂದ ಹೊರಡಿಸಿದೆ ಎಂಬುದನ್ನು ಬರೆಯುವುದಿಲ್ಲ. ಸರ್ಕಾರಿ ಅಭಿಯೋಜಕರೂ ಕನ್ನಡ ಓದುತ್ತಾರೆ.

ನಡುವೆ ಮುದ್ದೆಮಾಲಿನ, ಅಂದರೆ ಜಪ್ತಿಯಾದ ಮಾಲಿನ, ಚೀಟಿಗಳ ಶಾಯಿಯ ಬಣ್ಣ ಹೋಲಿಸುವ ಹುಚ್ಚೂ ಹಿಡಿದಿತ್ತು. ಅರಗು ಒಡೆದು ಗಂಟು ಬಿಚ್ಚಿದರೆ ಇರುವೆಗಳು ಅರ್ಧ ಚೀಟಿ ತಿಂದಿದ್ದವು. ಅಲ್ಲಿಗೇ ಬಿಟ್ಟೆ.

2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಜಪ್ತಿಯ ವೀಡಿಯೊ ಚಿತ್ರೀಕರಣ ಕಡ್ಡಾಯ. ಲೆಡ್ಜರಿಗೆ ಅದಕ್ಕೂ ಒಂದು ಕಲಂ ಎಳೆದಿದ್ದೇನೆ. ಬಾರ್ ರೂಮಿನ ಹಿರಿಯರು ಈಗ ಅದನ್ನು ಎರವಲು ಕೇಳುತ್ತಾರೆ. ಕೊಡುವುದಿಲ್ಲ, ಪಂಚನ ಹೆಸರು, ತಂದೆಯ ಹೆಸರು ಹೇಳಿದರೆ ಪುಟ ತೆಗೆದು ನೋಡಿ ಹೇಳುತ್ತೇನೆ.