ಮೊದಲು ಡಿಕ್ಕಿ ಅಳೆಯಿರಿ, ಆಮೇಲೆ ಸಬ್‌ವೂಫರ್ ಆರಿಸಿ

ಬೆಳಗಾವಿಯಿರಲಿ, ಬಾಗಲಕೋಟೆಯಿರಲಿ, ಸಬ್‌ವೂಫರ್ (ಬಾಸ್, ಅಂದರೆ ಕೆಳದನಿಗೆಂದೇ ಇರುವ ಸ್ಪೀಕರ್) ಕೊಳ್ಳಲು ಕಾರ್ ಡೆಕೋರ್ ಅಂಗಡಿಗೆ ಹೋದವರ ಮೊದಲ ಪ್ರಶ್ನೆ ಒಂದೇ: ‘ಎಷ್ಟ ವ್ಯಾಟ್ ಐತ್ರಿ?’ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1,500 ಅಂತ ಇರುತ್ತದೆ, ವ್ಯಾಪಾರ ಮುಗಿಯುತ್ತದೆ. ಆ ಅಂಕಿ ಪೀಕ್ ಪವರ್. ಕ್ಷಣಮಾತ್ರದ ಲೆಕ್ಕ ಅದು. ಸ್ಪೀಕರ್ ಬಿಡದೆ ತಾಳುವ ಶಕ್ತಿ ಆರ್‌ಎಂಎಸ್, ಅದು ಎಷ್ಟೋ ಸಲ 250–300 ವ್ಯಾಟ್ ಮಾತ್ರ. ‘ಆರ್‌ಎಂಎಸ್ ಎಷ್ಟ್ರೀ? ಸ್ಪೆಕ್ ಶೀಟ್ ಕೊಡ್ರಿ’ ಎಂದು ಕೇಳಿ. ಶೀಟ್, ಅಂದರೆ ಕಂಪನಿಯ ಅಂಕಿಗಳ ಹಾಳೆ, ಇಲ್ಲದ ಸ್ಪೀಕರಿಗೆ ಸರಿಯಾದ ಬಾಕ್ಸ್ (ಸ್ಪೀಕರ್ ಕೂರಿಸುವ ಮರದ ಪೆಟ್ಟಿಗೆ) ಲೆಕ್ಕ ಹಾಕಲು ಬರುವುದಿಲ್ಲ, ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ.

ಆರಿಸುವ ಕ್ರಮ ಹೀಗಿರಲಿ: ಮೊದಲು ಜಾಗ, ಆಮೇಲೆ ಬಾಕ್ಸ್, ಅದಕ್ಕೆ ಹೊಂದುವ ಸ್ಪೀಕರ್, ಕೊನೆಗೆ ಆಂಪ್ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್). ಬಹಳಷ್ಟು ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಒಳ್ಳೆಯ ಸ್ಪೀಕರ್ ತಪ್ಪು ಬಾಕ್ಸಿನಲ್ಲಿ ಕೂತು ಬರೀ ಗುಂಯ್‌ಗುಟ್ಟುವುದು ಇದರಿಂದಲೇ.

ಡಿಕ್ಕಿಯಲ್ಲಿ ಎಷ್ಟು ಜಾಗ ಬಿಟ್ಟುಕೊಡಬಲ್ಲಿರಿ? ವರ್ಷಕ್ಕೆ ಎರಡು ಸಲ ಮನೆಮಂದಿಯೆಲ್ಲ ಬುತ್ತಿ, ಹಾಸಿಗೆ ತುಂಬಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು 50 ಲೀಟರಿನ ಬಾಕ್ಸ್ ಕೂರಿಸಿದರೆ ಪ್ರತಿ ಸಲ ಅದನ್ನು ಬಿಚ್ಚಬೇಕು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಮಾತೇ ಮುಗಿಯಿತು. ಅಂಥವರಿಗೆ ಸೀಟಿನ ಕೆಳಗೆ ಕೂರುವ, ಆಂಪ್ ಒಳಗೇ ಇರುವ ಚಪ್ಪಟೆ ಸಬ್‌ವೂಫರ್ ಸಾಕು. ಎದೆ ನಡುಗಿಸುವ ಬಾಸ್ ಅದರಿಂದ ಬರುವುದಿಲ್ಲ, ಆದರೆ ಹಾಡಿನ ತಳ ತುಂಬುತ್ತದೆ. ಜಾಗ ಇರುವವರಿಗೆ ಅಂದಾಜು ಲೆಕ್ಕ: 10 ಇಂಚಿನ ಸ್ಪೀಕರಿಗೆ ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸ್ 15–20 ಲೀಟರ್, ಪೋರ್ಟೆಡ್ (ಕೊಳವೆ ಇರುವ) 28–40 ಲೀಟರ್. 12 ಇಂಚಿಗೆ ಸೀಲ್ಡ್ 25–35, ಪೋರ್ಟೆಡ್ 45–60.

ಸೀಲ್ಡೋ ಪೋರ್ಟೆಡ್ಡೋ?

ಸೀಲ್ಡ್ ಎಂದರೆ ಗಾಳಿ ಆಡದ ಬಾಕ್ಸ್. ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು (ಸ್ಪೀಕರಿನ ಮುಂದೆ ಆಡುವ ಬಟ್ಟಲಿನಾಕಾರದ ಭಾಗ) ಹಿಡಿದಿಡುವುದರಿಂದ ಪೆಟ್ಟು ಬಿಗಿಯಾಗಿ ಬಿದ್ದು ತಕ್ಷಣ ನಿಲ್ಲುತ್ತದೆ. ತಬಲಾದ ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ದನಿ ಬಾಗುತ್ತದಲ್ಲ, ಆ ಬಾಗು ಕಿವಿಗೆ ಬೀಳಬೇಕೆಂದರೆ ಸೀಲ್ಡ್ ಬಾಕ್ಸೇ ಸರಿ. ಪೋರ್ಟೆಡ್ ಬಾಕ್ಸಿನಲ್ಲಿ ಒಂದು ಕೊಳವೆ ಇರುತ್ತದೆ. ಅದನ್ನು ಟ್ಯೂನ್ ಮಾಡಿದ ಫ್ರೀಕ್ವೆನ್ಸಿಯ ಸುತ್ತ ಅಷ್ಟೇ ವ್ಯಾಟಿಗೆ ಹೆಚ್ಚು ಸದ್ದು ಬರುತ್ತದೆ, ಡಿಜೆ ಹಾಡುಗಳಿಗೆ ಹೇಳಿ ಮಾಡಿಸಿದ್ದು. ಆದರೆ ಟ್ಯೂನಿಂಗಿಗಿಂತ ಕೆಳಗೆ ಕೋನಿಗೆ ಹಿಡಿತವೇ ತಪ್ಪುತ್ತದೆ. ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ದನಿಯನ್ನು ತಡೆಯುವುದು) ಇಲ್ಲದ ಆಂಪ್ ಹಚ್ಚಿದರೆ ಕೋನಿನ ಹಿಂದಿರುವ ತಂತಿಸುರುಳಿ, ಅಂದರೆ ಕಾಯಿಲ್, ಹಿಂದಿನ ತಗಡಿಗೆ ಬಡಿದು ಹಾಳಾಗುತ್ತದೆ.

ಹ್ಯಾಚ್‌ಬ್ಯಾಕ್ ಕಾರಿನ ಚಿಕ್ಕ ಕೋಣೆಯೇ ಕೆಳಗಿನ ಬಾಸನ್ನು ಎತ್ತಿಕೊಡುವುದರಿಂದ ಅಲ್ಲಿ ಸೀಲ್ಡ್ ಬಾಕ್ಸೇ ಧಾರಾಳವಾಯಿತು. ನಮ್ಮ ಸಲಹೆಯೂ ಅದೇ. ಸಣ್ಣಪುಟ್ಟ ತಪ್ಪನ್ನು ಅದು ಸಹಿಸುತ್ತದೆ, ಪೋರ್ಟೆಡ್ ಸಹಿಸುವುದಿಲ್ಲ.

ಸ್ಪೀಕರ್ ಯಾವುದಕ್ಕೆ ಒಗ್ಗುತ್ತದೆ ಎಂದು ತಿಳಿಯಲು ಶೀಟಿನಲ್ಲಿರುವ ಎಫ್‌ಎಸ್ (Fs, ಸ್ಪೀಕರಿನ ಸಹಜ ಕಂಪನದ ಫ್ರೀಕ್ವೆನ್ಸಿ) ಅಂಕಿಯನ್ನು ಕ್ಯೂಇಎಸ್‌ನಿಂದ (Qes, ಆ ಕಂಪನಕ್ಕೆ ಕಾಯಿಲ್ ಮತ್ತು ಮ್ಯಾಗ್ನೆಟ್ ಹಾಕುವ ಹಿಡಿತದ ಅಂಕಿ) ಭಾಗಿಸಿ. 50ರ ಆಸುಪಾಸು ಅಥವಾ ಕಡಿಮೆ ಬಂದರೆ ಸೀಲ್ಡ್, 90ರ ಮೇಲೆ ಬಂದರೆ ಪೋರ್ಟೆಡ್, ನಡುವೆ ಇದ್ದರೆ ಎರಡಕ್ಕೂ ನಡೆಯುತ್ತದೆ.

ಸೀಲ್ಡ್ ಬಾಕ್ಸಿನ ಲೆಕ್ಕ

ಸೀಲ್ಡ್ ಬಾಕ್ಸಿನ ರೂಢಿಯ ಗುರಿ ಅಂಕಿ 0.707ನ್ನು ಶೀಟಿನ ಕ್ಯೂಟಿಎಸ್‌ನಿಂದ (Qts, ಸ್ಪೀಕರಿನ ಒಟ್ಟು ಹಿಡಿತದ ಅಂಕಿ) ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 1 ಕಳೆಯಿರಿ. ಉಳಿದ ಅಂಕಿಯಿಂದ ವಿಎಎಸ್ ಅನ್ನು (Vas, ಕೋನಿನ ಬಿಗಿತಕ್ಕೆ ಸಮನಾದ ಗಾಳಿಯ ಲೀಟರ್) ಭಾಗಿಸಿದರೆ ಬೇಕಾದ ಲೀಟರ್ ಸಿಗುತ್ತದೆ. ಒಂದು 12 ಇಂಚಿನ ಸ್ಪೀಕರಿನ ಕ್ಯೂಟಿಎಸ್ 0.45, ವಿಎಎಸ್ 45 ಲೀಟರ್ ಎಂದುಕೊಳ್ಳಿ. 0.707 ಭಾಗ 0.45 ಅಂದರೆ 1.57. ಅದರ ವರ್ಗ 2.47, 1 ಕಳೆದರೆ 1.47. 45ನ್ನು ಇದರಿಂದ ಭಾಗಿಸಿದರೆ ಸುಮಾರು 31 ಲೀಟರ್. ಇದು ಖಾಲಿ ಗಾಳಿಯ ಲೆಕ್ಕ. ಸ್ಪೀಕರಿನ ಮ್ಯಾಗ್ನೆಟ್ ಒಳಗೆ ತಿನ್ನುವ 2 ಲೀಟರ್, ಬಿಗಿತಕ್ಕೆಂದು ಒಳಗೆ ಹಾಕುವ ಅಡ್ಡಪಟ್ಟಿಯ ಅರ್ಧ ಲೀಟರ್ ಕೂಡಿಸಿ 33.5 ಲೀಟರ್ ಕಟ್ಟಬೇಕು.

18 ಮಿಮೀ ಹಲಗೆಯಲ್ಲಿ ಇದರ ಕಟಿಂಗ್: ಮುಂದೆ ಹಿಂದೆ 45 × 36 ಸೆಂಮೀ ಎರಡು, ಮೇಲೆ ಕೆಳಗೆ 45 × 25 ಎರಡು, ಎಡ ಬಲ 32.4 × 25 ಎರಡು. ಒಳಗಿನ ಅಳತೆ 41.4 × 32.4 × 25 ಬಂದು 33.5 ಲೀಟರ್ ಆಗುತ್ತದೆ. 45 × 36ರ ಇನ್ನೊಂದು ಹಲಗೆಯನ್ನು ಮುಂಭಾಗದ ಹೊರಮೈಗೆ ಅಂಟಿಸಿದರೆ ಸ್ಪೀಕರ್ ಕೂರುವ ಜಾಗ 36 ಮಿಮೀ ದಪ್ಪವಾಗಿ ನಡುಕ ನಿಲ್ಲುತ್ತದೆ. ಬಡಗಿಗೆ ಈ ಅಳತೆಯನ್ನು ಚೀಟಿಯಲ್ಲಿ ಬರೆದೇ ಕೊಡಿ. ‘12 ಇಂಚಿನ ಡಬ್ಬಿ’ ಎಂದಷ್ಟೇ ಹೇಳಿದರೆ ಅವರ ರೂಢಿಯ ಅಳತೆಯ ಡಬ್ಬಿ ಬರುತ್ತದೆ.

ಹಲಗೆ ಯಾವುದು? ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಭಾರವಿದೆ, ಸಮವಾಗಿದೆ, ಕಡಿಮೆ ನಡುಗುತ್ತದೆ. ಆದರೆ ನೀರು ಕುಡಿದರೆ ಅಂಚು ಉಬ್ಬುತ್ತದೆ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಒದ್ದೆ ಕೊಡೆ, ರೇನ್‌ಕೋಟ್ ಡಿಕ್ಕಿಗೇ ಬೀಳುವುದು. ಅಲ್ಲಿಯವರು ಒಂದೋ ವಾಟರ್‌ಪ್ರೂಫ್ ಪ್ಲೈವುಡ್ ತೆಗೆದುಕೊಳ್ಳಿ, ಇಲ್ಲವೇ ಎಂಡಿಎಫ್ ಅಂಚುಗಳಿಗೆಲ್ಲ ಎರಡು ಕೋಟ್ ಪ್ರೈಮರ್ ಬಳಿಸಿ.

ಜೋಡಿಸುವಾಗ ಅಂಟು ಧಾರಾಳವಾಗಿರಲಿ, 15 ಸೆಂಮೀಗೊಂದು 40 ಮಿಮೀ ಸ್ಕ್ರೂ ಬರಲಿ. ಸ್ಕ್ರೂಗೆ ಮೊದಲು ಸಣ್ಣ ಬಿಟ್ಟಿನಿಂದ ತೂತು ಮಾಡದಿದ್ದರೆ ಎಂಡಿಎಫ್ ಅಂಚು ಸೀಳುತ್ತದೆ. ಒಳಗಿನ ಎಲ್ಲ ಸಂದಿಗೂ ಸಿಲಿಕಾನ್ ಎಳೆದು, ಸ್ಪೀಕರ್ ಕೂರಿಸದೆ 24 ಗಂಟೆ ಬಿಡಿ. ಹಸಿ ಸಿಲಿಕಾನಿನ ಆವಿ ಸ್ಪೀಕರಿನ ಅಂಟಿಗೆ ಒಳ್ಳೆಯದಲ್ಲ. ಸ್ಪೀಕರಿನ ರಿಂಗಿನ ಕೆಳಗೆ ಫೋಮ್ ಪಟ್ಟಿ ಬೇಕೇ ಬೇಕು. ಕೂರಿಸಿದ ಮೇಲೆ ಎರಡೂ ಅಂಗೈಯಿಂದ ಕೋನನ್ನು ಸಮವಾಗಿ ಒತ್ತಿ, ಕ್ಷಣಕಾಲ ಹಿಡಿದು ಬಿಡಿ. ನಿಧಾನಕ್ಕೆ ಮೇಲೆ ಬಂದರೆ ಬಾಕ್ಸ್ ಬಿಗಿಯಾಗಿದೆ. ಪಟ್ಟನೆ ಮರಳಿದರೆ ಎಲ್ಲೋ ಗಾಳಿ ಸೋರುತ್ತಿದೆ, ಹೆಚ್ಚಾಗಿ ವಾಯರ್ ಜೋಡಿಸುವ ಟರ್ಮಿನಲ್ ಕಪ್ಪಿನ ಹತ್ತಿರ. ಬಾಕ್ಸ್ ಸ್ವಲ್ಪ ಚಿಕ್ಕದಾಯಿತೆನಿಸಿದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ 300 ಗ್ರಾಂ ಸಡಿಲವಾಗಿ ತುಂಬಿ, ಬಾಕ್ಸ್ ಹಿಗ್ಗಿದಂತೆಯೇ ಕೆಲಸ ಮಾಡುತ್ತದೆ.

ಪೋರ್ಟೆಡ್ ಮಾಡಲೇಬೇಕೆಂದರೆ

ಕೊಳವೆಯ ಉದ್ದವನ್ನು ಕಣ್ಣಂದಾಜಿನಲ್ಲಿ ಕತ್ತರಿಸಬೇಡಿ. ಒಳವ್ಯಾಸದ ವರ್ಗವನ್ನು 23,562ರಿಂದ ಗುಣಿಸಿ, ಅದನ್ನು ಟ್ಯೂನಿಂಗ್ ಹರ್ಟ್ಸಿನ ವರ್ಗ ಮತ್ತು ಲೀಟರಿನ ಗುಣಲಬ್ಧದಿಂದ ಭಾಗಿಸಿ, ಕೊನೆಗೆ ವ್ಯಾಸದ 0.732 ಪಟ್ಟು ಕಳೆಯಿರಿ. ಅಳತೆಯೆಲ್ಲ ಸೆಂಮೀನಲ್ಲಿ. 50 ಲೀಟರ್, 35 ಹರ್ಟ್ಸ್, 10 ಸೆಂಮೀ ಒಳವ್ಯಾಸಕ್ಕೆ 38.5ರಲ್ಲಿ 7.3 ಕಳೆದು ಸುಮಾರು 31 ಸೆಂಮೀ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ 4 ಇಂಚಿನ ಪಿವಿಸಿ ಪೈಪ್ ನಡೆಯುತ್ತದೆ, ಒಳವ್ಯಾಸವನ್ನು ಸ್ವತಃ ಅಳೆದು ಲೆಕ್ಕ ಮಾಡಿ. ಪೈಪು ಒಳಗೆ ತಿನ್ನುವ 3 ಲೀಟರನ್ನೂ ಬಾಕ್ಸಿಗೆ ಸೇರಿಸಿ. ಪೈಪಿನ ಒಳತುದಿಗೂ ಎದುರಿನ ಹಲಗೆಗೂ ಕನಿಷ್ಠ 10 ಸೆಂಮೀ ಅಂತರವಿರಲಿ. ಕಿರಿದಾದ ಪೈಪ್ ಹಾಕಿದರೆ ಜೋರು ಬಾಸಿಗೆ ಫುಸ್ಸೆಂಬ ಗಾಳಿಸದ್ದು ಬರುತ್ತದೆ.

ಆಂಪ್, ಓಮ್, ವಾಯರ್

ಎರಡು ಕಾಯಿಲಿನ 4+4 ಓಮ್ ಸ್ಪೀಕರನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8 ಓಮ್. 300 ವ್ಯಾಟ್ ಆರ್‌ಎಂಎಸ್ ಸ್ಪೀಕರಿಗೆ 2 ಓಮಿನಲ್ಲಿ 300 ಆರ್‌ಎಂಎಸ್ ಕೊಡುವ ಮೊನೊ (ಒಂದೇ ಚಾನೆಲಿನ) ಆಂಪ್ ನೋಡಿ. 4 ಚಾನೆಲ್ ಆಂಪನ್ನು ಬ್ರಿಡ್ಜ್ ಮಾಡಿದರೆ (ಎರಡು ಚಾನೆಲ್ ಸೇರಿಸಿ ಒಂದಾಗಿಸಿದರೆ) ಸಾಮಾನ್ಯವಾಗಿ 4 ಓಮಿಗಿಂತ ಕೆಳಗೆ ಇಳಿಸುವಂತಿಲ್ಲ, ಇಳಿಸಿದರೆ ಪ್ರೊಟೆಕ್ಟ್ ಲೈಟ್ ಹತ್ತಿ ಆಫ್ ಆಗುತ್ತದೆ.

300 ವ್ಯಾಟಿಗೆ ಬ್ಯಾಟರಿಯಿಂದ ಸುಮಾರು 30 ಆಂಪಿಯರ್ ಹರಿಯುತ್ತದೆ. 10 ಚದರ ಮಿಮೀ ಅಪ್ಪಟ ತಾಮ್ರದ ವಾಯರ್, ಬ್ಯಾಟರಿಯಿಂದ 45 ಸೆಂಮೀ ಒಳಗೆ 40 ಆಂಪಿಯರ್ ಫ್ಯೂಸ್. ಈ ಫ್ಯೂಸ್ ಕಾಪಾಡುವುದು ವಾಯರನ್ನು: ಬಾನೆಟ್ ಒಳಗೆಲ್ಲೋ ವಾಯರ್ ಉಜ್ಜಿ ಬಾಡಿಗೆ ತಗುಲಿದರೆ ಫ್ಯೂಸ್ ಇಲ್ಲದ ಕಾರಿಗೆ ಬೆಂಕಿ ಹತ್ತುತ್ತದೆ. ಅಗ್ಗದ ಕಿಟ್ಟುಗಳಲ್ಲಿ ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಅರ್ಥಿಂಗ್ ವಾಯರ್ ಅಷ್ಟೇ ದಪ್ಪವಿರಲಿ, ಕಾರಿನ ಬಾಡಿಯ ಬಣ್ಣ ಕೆರೆದು ಬರಿ ಲೋಹಕ್ಕೇ ಬೋಲ್ಟ್ ಮಾಡಿ. ಪವರ್ ವಾಯರ್ ಕಾರಿನ ಒಂದು ಬದಿಗೆ, ಸ್ಟೀರಿಯೊದಿಂದ ಆಂಪಿಗೆ ಸಿಗ್ನಲ್ ಒಯ್ಯುವ ಆರ್‌ಸಿಎ ವಾಯರ್ ಇನ್ನೊಂದು ಬದಿಗೆ ಹೋಗಲಿ.

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ನಿಲ್ಲಿಸಿದ ಕಾರಿನ ಒಳಗಂತೂ ಇನ್ನೂ ಹೆಚ್ಚು. ಆಂಪನ್ನು ಕಾರ್ಪೆಟ್ ಕೆಳಗೆ ಹುದುಗಿಸಬೇಡಿ, ಸುತ್ತ ಐದು ಸೆಂಮೀ ಗಾಳಿ ಆಡಲಿ. ಮಧ್ಯಾಹ್ನ ಕಾರು ಹತ್ತಿದ ಕೂಡಲೇ ಜೋರು ಇಡದೆ ಎಸಿ ಸ್ವಲ್ಪ ಓಡಿದ ಮೇಲೆ ಇಡಿ.

ಬಾಕ್ಸ್ 15 ಕೆಜಿ ದಾಟುತ್ತದೆ, ಗಟ್ಟಿ ಬ್ರೇಕ್ ಹಾಕಿದರೆ ಹಿಂದಿನ ಸೀಟಿಗೆ ಬಂದು ಬಡಿಯುತ್ತದೆ. ಎಲ್ ಕ್ಲಾಂಪಿನಿಂದ ಬಿಗಿಯಿರಿ, ಆದರೆ ಕಾರಿನ ಕೆಳಗೆ ಬಗ್ಗಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿದೆ ನೋಡದೆ ತೂತು ಕೊರೆಯಬೇಡಿ.

ಗೇನ್ ಹೊಂದಿಸುವುದು

ಗೇನ್ ಎಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲಿಗೆ ಆಂಪನ್ನು ಹೊಂದಿಸುವ ತಿರುಪು. ಸ್ಪೀಕರ್ ವಾಯರ್ ಕಳಚಿ, ಬಾಸ್ ಬೂಸ್ಟ್ ಮತ್ತು ಈಕ್ವಲೈಜರ್ ಸೊನ್ನೆಗಿಟ್ಟು, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ 50 ಹರ್ಟ್ಸಿನ ಟೆಸ್ಟ್ ಟೋನ್ ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಆಂಪಿನ ಔಟ್‌ಪುಟ್ಟಿಗೆ ಹಿಡಿಯಿರಿ. 300 ವ್ಯಾಟ್, 2 ಓಮ್ ಆದರೆ 24.5 ವೋಲ್ಟ್ ತೋರಿಸುವವರೆಗೆ ಮಾತ್ರ ತಿರುಗಿಸಿ. 4 ಓಮ್ ಆದರೆ 34.6. ಇದನ್ನು ದಾಟಿದರೆ ಸಿಗ್ನಲ್ ಕ್ಲಿಪ್ ಆಗಿ (ಅಲೆಯ ತುದಿ ಕತ್ತರಿಸಿಹೋಗಿ) ಕಾಯಿಲ್ ಬಿಸಿಯೇರುತ್ತದೆ, ಸುಟ್ಟ ವಾಸನೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಸಬ್‌ವೂಫರಿಗೆ ಕೆಳದನಿಯನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸಿಗೆ, ಬಾಗಿಲಿನ ಸ್ಪೀಕರುಗಳಿಗೆ ಮೇಲಿನ ದನಿಯನ್ನಷ್ಟೇ ಬಿಡುವ ಹೈ ಪಾಸ್ ಕೂಡ 80ಕ್ಕೆ. ಪೋರ್ಟೆಡ್ ಬಾಕ್ಸ್ 35ಕ್ಕೆ ಟ್ಯೂನ್ ಆಗಿದ್ದರೆ ಸಬ್‌ಸಾನಿಕ್ 28–30ಕ್ಕೆ. ಕೊನೆಗೆ ಡ್ರೈವರ್ ಸೀಟಿನಲ್ಲಿ ಕೂತು ಪರಿಚಿತ ಹಾಡು ಹಾಕಿ, ಸಬ್‌ವೂಫರಿನ ದನಿಯ ಅಲೆಯನ್ನು ತಿರುವುಮುರುವು ಮಾಡುವ ಫೇಸ್ (phase) ಸ್ವಿಚ್ಚನ್ನು 0 ಮತ್ತು 180 ಡಿಗ್ರಿಯ ನಡುವೆ ಬದಲಿಸಿ ಕೇಳಿ. ಬಾಸ್ ತುಂಬಿ ಬರುವ ಕಡೆಗೇ ಬಿಡಿ. ತಿಂಗಳೊಪ್ಪತ್ತಿನ ನಂತರ ಸ್ಪೀಕರಿನ ಸ್ಕ್ರೂಗಳನ್ನೂ ಅರ್ಥಿಂಗ್ ಬೋಲ್ಟನ್ನೂ ಇನ್ನೊಮ್ಮೆ ಬಿಗಿ ಮಾಡಿ, ನಡುಕಕ್ಕೆ ಮೊದಲು ಸಡಿಲವಾಗುವುದು ಅವೇ.