ಮಳೆಗಾಲದಲ್ಲಿ ಗೇರುಬೀಜ ತುಂಬಲು 20 ಅಡಿ ಕಂಟೈನರ್ ಸಜ್ಜು ಮಾಡುವುದು

ಮಂಗಳೂರಿನ ಬೈಕಂಪಾಡಿಯಿಂದ ಪಣಂಬೂರಿನ ಬಂದರಿಗೆ ದೂರ ಇಲ್ಲವೇ ಇಲ್ಲ. ಆದರೆ ಕಾರ್ಖಾನೆಯಲ್ಲಿ ಬಾಗಿಲು ಮುಚ್ಚಿದ ಮೇಲೆ, ತಪಾಸಣೆಗೆ ಎತ್ತಿಕೊಂಡದ್ದನ್ನು ಬಿಟ್ಟರೆ, ಸರಕನ್ನು ಮತ್ತೆ ನೋಡುವವರು ಕೊಳ್ಳುವವರೇ. 1956ರಲ್ಲಿ ಅಮೆರಿಕದ ಸಾರಿಗೆ ಉದ್ಯಮಿ ಮಾಲ್ಕಂ ಮೆಕ್ಲೀನ್ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಪೆಟ್ಟಿಗೆ ಸಾಗಿಸಿದಾಗ ಉಳಿತಾಯವಾದದ್ದು ದಾರಿಯಲ್ಲಿ ಸರಕನ್ನು ಮತ್ತೆ ಮತ್ತೆ ಎತ್ತಿ ಇಳಿಸುವ ಖರ್ಚೇ. ತುಂಬುವಾಗ ಆದ ತಪ್ಪೂ ಹಾಗೇ ಒಳಗೆ ಕುಳಿತು ಪ್ರಯಾಣ ಮಾಡುತ್ತದೆ.

ಖಾಲಿ ಕಂಟೈನರ್ ಬಂದ ಕೂಡಲೇ ಒಬ್ಬರು ಒಳಹೊಕ್ಕು ಎರಡೂ ಬಾಗಿಲು ಮುಚ್ಚಿಸಿಕೊಳ್ಳಿ. ಹೊರಗೆ ಒಬ್ಬರು ಬಾಗಿಲ ಬಳಿಯೇ ನಿಂತಿರಲಿ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಸೂಜಿಮೊನೆಯಷ್ಟು ಬೆಳಕು ಕಂಡರೂ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದು ಸಾಕು, ವಾಪಸ್ ಕಳಿಸಿ. ಬಾಗಿಲಿನ ರಬ್ಬರ್ ಹರಿದಿದೆಯೇ ನೋಡಿ. ನೆಲದ ಪ್ಲೈವುಡ್ ತೊಳೆದು ಅರೆಬರೆ ಒಣಗಿಸಿ ಕೊಡುವುದು ಮಾಮೂಲು. ತೇವಮಾಪಕ ಶೇ. 18 ದಾಟಿದರೆ ತುಂಬಬೇಡಿ. ಆ ತೇವವೇ ಬಿಸಿಲಿಗೆ ಆವಿಯಾಗಿ, ಹಡಗು ತಂಪು ಸಮುದ್ರಕ್ಕೆ ಬಂದಾಗ ಚಾವಣಿಯ ತಗಡಿಗೆ ತಗುಲಿ ಹನಿಯಾಗಿ ಬೀಳುತ್ತದೆ. ತಿರುಳು ಗಾಳಿಯಾಡದ ಪ್ಯಾಕಿನಲ್ಲಿದ್ದರೂ ರಟ್ಟು ಮೆತ್ತಗಾಗಿ ಕೆಳಸಾಲು ಕುಸಿಯುತ್ತದೆ. ಸೋರಿಕೆಗಿಂತ ಹೆಚ್ಚು ಕಾಡುವುದು ಇದೇ. ತೇವ ಹೀರುವ ಪಟ್ಟಿಗಳನ್ನು ಪಕ್ಕದ ಗೋಡೆಯಲ್ಲಿ ಹಗ್ಗ ಕಟ್ಟಲು ಇರುವ ಬಳೆಗಳಿಗೆ ತೂಗುಹಾಕಿ. ಅವುಗಳ ಕವರ್ ಒಡೆಯುವುದು ತೀರ ಕೊನೆಗೆ.

ಟ್ರೇಲರ್ ಸಮತಟ್ಟು ಜಾಗದಲ್ಲೇ ನಿಲ್ಲಲಿ. ಒಂದು ಮೂಲೆ ತಗ್ಗಿದರೆ ಚೌಕಟ್ಟು ತಿರುಚಿಕೊಂಡು, ತುಂಬಿದ ಮೇಲೆ ಬಾಗಿಲು ಕೂರುವುದಿಲ್ಲ.

11.34 ಕೆ.ಜಿ.ಯ ಎರಡು ಪ್ಯಾಕ್ ಸೇರಿ ಒಂದು ಕಾರ್ಟನ್ 22.68 ಕೆ.ಜಿ. 700 ಕಾರ್ಟನ್ ಎಂದರೆ 15,876 ಕೆ.ಜಿ. ತಿರುಳು. ಸಾಲುಗಳನ್ನು ಮುಂಗೋಡೆಗೆ ಒತ್ತಿ ಜೋಡಿಸುತ್ತ ಬನ್ನಿ. ಉದ್ದದ ಯಾವುದೇ ಅರ್ಧಕ್ಕೆ ಶೇ. 60ಕ್ಕಿಂತ ಹೆಚ್ಚು ಭಾರ ಬೀಳಬಾರದು. ಬಾಗಿಲ ಬಳಿ ಉಳಿದ ಜಾಗಕ್ಕೆ ಬಲೆ ಕಟ್ಟಿ, ಇಲ್ಲವಾದರೆ ಅಲ್ಲಿ ತೆರೆದವರ ಮೈಮೇಲೆ ಕಾರ್ಟನ್ ಬೀಳುತ್ತದೆ. ಮರದ ತುಂಡು ಬಳಸಿದರೆ ಐಎಸ್‌ಪಿಎಂ 15 ಮುದ್ರೆ, ಅಂದರೆ ಮರದ ಕೀಟ ನಾಶಮಾಡಿದ ಗುರುತು, ಇರುವುದನ್ನೇ ಬಳಸಿ.

ತೂಕದ ಘೋಷಣೆ, ಅಂದರೆ ವಿಜಿಎಂ, 2016ರ ಜುಲೈ 1ರಿಂದ ಕಡ್ಡಾಯ. ತಿರುಳಿನ ತೂಕ ಮಾತ್ರ ಬರೆದರೆ ಸಾಲದು. ಪ್ಯಾಕು, ರಟ್ಟು, ಬಲೆ, ಮರ, ಜತೆಗೆ ಬಾಗಿಲ ಮೇಲೆ ಬರೆದಿರುವ ಖಾಲಿ ಕಂಟೈನರಿನ ತೂಕ, ಸುಮಾರು 2.2 ಟನ್, ಎಲ್ಲವೂ ಸೇರಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಈ ಕೊನೆಯದೇ. ವಿಜಿಎಂ ಕೊಡದ ಕಂಟೈನರನ್ನು ಹಡಗಿಗೆ ಏರಿಸುವಂತಿಲ್ಲ.

ಎಡಬಾಗಿಲು ಮೊದಲು, ಬಲಬಾಗಿಲು ಆಮೇಲೆ. ಬೋಲ್ಟ್ ಸೀಲ್ (ನಂಬರ್ ಇರುವ, ಕತ್ತರಿಸಿಯೇ ತೆಗೆಯಬೇಕಾದ ಮೊಳೆಬೀಗ) ಬಲಬಾಗಿಲಿನ ಹಿಡಿಗೇ ಹಾಕಿ, ಎಳೆದು ನೋಡಿ, ನಂಬರ್ ಕಾಣುವಂತೆ ಫೋಟೋ ತೆಗೆದು ಕಾಗದಪತ್ರದ ಜೊತೆ ತಾಳೆ ನೋಡಿ. ಗೇಟು ಬಿಡುವ ಮುಂಚೆ ಕಂಟೈನರಿನ ಮೂಲೆಗಳನ್ನು ಟ್ರೇಲರಿಗೆ ಬಿಗಿಯುವ ನಾಲ್ಕೂ ಟ್ವಿಸ್ಟ್ ಲಾಕ್ ತಿರುಗಿವೆಯೇ ಎಂದು ಚಾಲಕರ ಜೊತೆ ನೀವೂ ಒಂದು ಸುತ್ತು ಬನ್ನಿ.